ಉರ್ಶುಲಾ ಮೇಯೆರಿನ್ ಪುಟದಲ್ಲಿ ‘ರಾಜನ ಉಪಪತ್ನಿ’ ಅಂತ ಹಾಕೋದಾ, ಬೇಡ್ವಾ?

ಕಡತಕಪಾಟು
ಪೋಲೆಂಡಿನ ಮೂರನೇ ಜಿಗ್ಮುಂಟ್ ರಾಜನ (ಆಳ್ವಿಕೆ 1587ರಿಂದ 1632) ಆಸ್ಥಾನದಲ್ಲಿದ್ದ ಉರ್ಶುಲಾ ಮೇಯೆರಿನ್ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೀತಿದೀನಿ. ಮೂಲ ಸಂಗತಿಗಳು ಸರಳ. 1570ರಲ್ಲಿ ಹುಟ್ಟು, ಬವೇರಿಯಾ ಕಡೆಯ ಜರ್ಮನ್ ಹೆಣ್ಣುಮಗಳು. 1592ರಲ್ಲಿ ಆಸ್ಟ್ರಿಯಾದ ರಾಜಕುಮಾರಿ ಅನ್ನಾ ಮದುವೆಯಾಗಿ ಕ್ರಾಕೂವ್‌ಗೆ ಬಂದಾಗ ಅವಳ ಪರಿವಾರದ ಜೊತೆ ಬಂದಳು. 1635ರಲ್ಲಿ ವಾರ್ಸಾದಲ್ಲಿ ತೀರಿಕೊಂಡಳು. ಕೊನೇವರೆಗೂ ಮದುವೆ ಇಲ್ಲ.

ತೊಂದರೆ ಇರೋದು ಮೊದಲ ಸಾಲಲ್ಲಿ. ಸುಮಾರು ಕಡೆ ‘ರಾಜನ ಉಪಪತ್ನಿ’ ಅಂತಲೇ ಶುರುವಾಗುತ್ತೆ. ಅದನ್ನ ಹಾಗೇ ಇಳಿಸಬೇಕಾ? ಬೇಡ ಅಂದ್ರೆ ಆಕೆ ಏನು ಅಂತ ಬರೀಬೇಕು? ಯಾವ ಅಧಿಕೃತ ಹುದ್ದೆಯೂ ಇಲ್ಲದ ಹೆಂಗಸಿನ ಮಾತು ರಾಜ್ಯದಲ್ಲಿ ನಡೀತಿದ್ದದ್ದಾದ್ರೂ ಹೇಗೆ? ಗೊತ್ತಿರೋರು ಬಿಡಿಸಿ ಹೇಳಿ.

ವಿಸ್ತುಲಾ
ಹಾಕಬೇಡಿ. ಅದು ಆಕೆಯ ವಿರೋಧಿಗಳು ಹಬ್ಬಿಸಿದ ಮಾತು, ಅದಕ್ಕೆ ಆಧಾರ ಇಲ್ಲ.

ನೇತ್ರಾವತಿ
ಅಷ್ಟು ಸುಲಭಕ್ಕೆ ತಳ್ಳಿಹಾಕುವುದು ಹೇಗೆ ಮಾರಾಯ್ರೆ? ಆ ಕಾಲದ ದೊಡ್ಡ ದೊಡ್ಡ ಕುಳೀನರೇ ಹಾಗೆ ಆಡಿಕೊಂಡದ್ದು ಉಂಟಲ್ಲ. ಸುಮ್ಮನೆ ಹುಟ್ಟಿದ ಮಾತಾ ಅದು?

ವಿಸ್ತುಲಾ
ಸುಮ್ಮನೆ ಹುಟ್ಟಿದ್ದಲ್ಲ, ಸಿಟ್ಟಿನಿಂದ ಹುಟ್ಟಿದ್ದು. ಆಡಿಕೊಂಡವರು ಯಾರು ಅಂತ ನೋಡಿ. ರಾಜನಿಂದ ಜಮೀನು, ಪದವಿ ಕೇಳಿ ಸಿಗದೆ ವಾಪಸ್ ಬಂದವರು. ತಮ್ಮ ಅರ್ಜಿ ಒಬ್ಬ ಪರದೇಶಿ ಹೆಂಗಸಿನ ಬಾಗಿಲಲ್ಲಿ ನಿಂತುಹೋಯ್ತು ಅನ್ನೋ ಅವಮಾನ ಅವರದು.

ನಿಜವಾದ ಉಪಪತ್ನಿ ಆ ಆಸ್ಥಾನದಲ್ಲಿ ಹೇಗಿರ್ತಿದ್ದಳು ಅಂತ ನೋಡಬೇಕಾದ್ರೆ ಜಿಗ್ಮುಂಟ್‌ನ ಮಗ ನಾಲ್ಕನೇ ವ್ವಾದಿಸ್ವಾವ್ ಕಾಲಕ್ಕೆ ಬನ್ನಿ. ಲ್ವೂವ್ ಊರಿನ ಯದ್ವಿಗಾ ವುಶ್ಕೋವ್‌ಸ್ಕಾ ಅವನ ಪ್ರಿಯೆ. ಅವಳನ್ನ ವಾರ್ಸಾ ಅರಮನೆಯಲ್ಲೇ ಇಟ್ಟುಕೊಂಡಿದ್ದ. ಅವನಿಂದ ಒಬ್ಬ ಮಗ ಹುಟ್ಟಿದ, ಹೆಸರು ವ್ವಾದಿಸ್ವಾವ್ ಕೊನ್‌ಸ್ತಾಂತಿ. 1637ರಲ್ಲಿ ರಾಣಿ ಚೆಚೀಲಿಯಾ ರೆನಾತಾ ಬಂದ ಮೇಲೆ ಯದ್ವಿಗಾಳನ್ನ ಅರಮನೆಯಿಂದ ಕಳಿಸಿ, ಮೆರೆಚ್ ಸೀಮೆಯ ಅಧಿಕಾರಿಗೆ ಮದುವೆ ಮಾಡಿಸಿದ್ರು. ಅಂದ್ರೆ ಉಪಪತ್ನಿ ಇದ್ದ ಕಡೆ ಮಗು, ಗಂಡನಾಗಿ ಹುಡುಕಿದ ಒಬ್ಬ ಅಧಿಕಾರಿ, ದೂರದ ಒಂದು ಸೀಮೆ, ಇವೆಲ್ಲ ದಾಖಲೆಯಲ್ಲಿ ಉಳಿದಿವೆ. ಉರ್ಶುಲಾ ವಿಷಯದಲ್ಲಿ ಇದರಲ್ಲಿ ಒಂದೂ ಇಲ್ಲ. ಆಕೆ ಎರಡು ರಾಣಿಯರ ಜೊತೆ ಬಾಳಿದಳು, ಇಬ್ಬರೂ ಆಕೆಯನ್ನ ಹೊರಗೆ ಹಾಕಲಿಲ್ಲ. ಅಷ್ಟೇ ಅಲ್ಲ, ತಮ್ಮ ಮಕ್ಕಳನ್ನೇ ಆಕೆ ಕೈಗೆ ಕೊಟ್ಟರು.

ದಿನಾಂಕನೋಡಿ
ಆ ಮೆರೆಚ್‌ನಲ್ಲೇ ವ್ವಾದಿಸ್ವಾವ್ 1648ರ ಮೇ 20ರಂದು ಸತ್ತದ್ದು. ಈಗ ಅದು ಲಿಥುವೇನಿಯಾದ ಮೆರ್ಕಿನೆ.

ತಾಳೆಗರಿ
ಹೆಸರಿನ ಬಗ್ಗೆ ಒಂದು ಮಾತು. ಪುಟದಲ್ಲಿ ‘ಮೇಯೆರಿನ್’ ಅನ್ನೋದನ್ನ ಮನೆತನದ ಹೆಸರು ಅಂತ ಹಾಗೇ ಬಿಟ್ಟರೆ ಓದುಗನಿಗೆ ದಾರಿ ತಪ್ಪುತ್ತೆ. ಆ ಕಾಲದ ಜರ್ಮನ್‌ನಲ್ಲಿ ಹೆಂಗಸರ ಮನೆತನದ ಹೆಸರಿಗೆ ಕೊನೇಲಿ ‘ಇನ್’ ಸೇರಿಸ್ತಿದ್ರು. ನಮ್ಮಲ್ಲಿ ಗೌಡ, ಗೌಡತಿ ಆದ ಹಾಗೆ ಮೇಯರ್, ಮೇಯೆರಿನ್. ಆದ್ದರಿಂದ ಆಕೆಯ ಅಪ್ಪನನ್ನೋ ಅಣ್ಣನನ್ನೋ ಹಳೇ ಕಾಗದದಲ್ಲಿ ಹುಡುಕೋರು ‘ಮೇಯೆರಿನ್’ ಅಂತ ಹುಡುಕಿದ್ರೆ ಏನೂ ಸಿಗಲ್ಲ, ‘ಮೇಯರ್’, ‘ಮಾಯರ್’, ‘ಮಾಯ್ರ್’ ಎಲ್ಲ ರೂಪದಲ್ಲೂ ನೋಡಬೇಕು.

ಇನ್ನೊಂದು. ‘ಮೇಯರ್’ ಅನ್ನೋ ಪದಕ್ಕೇ ಮೂಲದಲ್ಲಿ ಒಡೆಯನ ಪರವಾಗಿ ಜಮೀನು ನೋಡಿಕೊಳ್ಳುವವ, ಮೇಲ್ವಿಚಾರಕ ಅನ್ನೋ ಅರ್ಥ. ಲ್ಯಾಟಿನ್‌ನ ‘ಮಾಯೊರ್’ನಿಂದ ಬಂದದ್ದು. ಅದಕ್ಕೇ ಇದು ಹೆಸರಲ್ಲ, ಕೆಲಸದ ಬಿರುದು ಅಂತ ವಾದ ಮಾಡೋರೂ ಇದ್ದಾರೆ. ಆದರೆ ಮೇಯರ್ ಅನ್ನೋ ಮನೆತನದ ಹೆಸರು ಬವೇರಿಯಾದಲ್ಲಿ ಊರೂರಿಗೂ ಇದೆ. ಬಿರುದು ಅಂತ ಎಳೆಯೋ ಅಗತ್ಯವೇ ಇಲ್ಲ.

ಕಡತಕಪಾಟು
ತಾಳೆಗರಿಯವರೇ, ಇದು ತುಂಬಾ ಉಪಯೋಗ ಆಯ್ತು. ಪೋಲಿಷ್‌ನಲ್ಲೂ ಹೀಗೇ ಅಲ್ವಾ?

ತಾಳೆಗರಿ
ಹೌದು, ಅಲ್ಲಿ ಇನ್ನೂ ಸ್ಪಷ್ಟ. ‘ಓವಾ’ ಬಂದ್ರೆ ಹೆಂಡತಿ, ‘ಊವ್ನಾ’ ಬಂದ್ರೆ ಮಗಳು. ರಾಜಿವಿವ್ ಮನೆತನದ ಸೊಸೆ ರಾಜಿವಿವೋವಾ, ಮಗಳು ರಾಜಿವಿವೂವ್ನಾ. ಈ ಕೊನೆಯ ಅಕ್ಷರ ನೋಡದೆ ಸೊಸೆ, ಮಗಳನ್ನ ಒಬ್ಬಳೇ ಮಾಡಿಬಿಟ್ಟ ಲೇಖನಗಳು ಬೇಕಾದಷ್ಟಿವೆ.

ಹೊಸ್ತಿಲು
ಹುದ್ದೆ ವಿಷಯ ನಾನು ಹೇಳ್ತೀನಿ, ಇಡೀ ಗುಟ್ಟು ಅಲ್ಲೇ ಇದೆ.

ರಾಣಿಗೆ ರಾಜನ ಆಸ್ಥಾನದಿಂದ ಬೇರೆಯಾದ ತನ್ನದೇ ಪರಿವಾರ ಇತ್ತು. ಅದರ ಹೆಣ್ಣುಮಕ್ಕಳ ಭಾಗಕ್ಕೆ ಪೋಲಿಷ್‌ನಲ್ಲಿ ‘ಫ್ರೌತ್ಸಿಮೆರ್’ ಅಂತಾರೆ. ಜರ್ಮನ್‌ನ ‘ಫ್ರೌವೆನ್‌ತ್ಸಿಮ್ಮರ್’, ಅಂದ್ರೆ ಹೆಂಗಸರ ಕೋಣೆ, ಅದೇ ಸವೆದು ಹೀಗಾಗಿದೆ. ಇದನ್ನ ‘ಅಂತಃಪುರ’ ಅಂತ ಅನುವಾದ ಮಾಡಿದ್ರೆ ಓದುಗನಿಗೆ ರಾಜನ ಹೆಂಡಂದಿರ ಮನೆ ಅಂತ ಅನಿಸುತ್ತೆ, ದಯವಿಟ್ಟು ಬೇಡ. ಇಲ್ಲಿ ಇರ್ತಿದ್ದದ್ದು ಒಳ್ಳೇ ಮನೆತನದ ಮದುವೆಯಾಗದ ಹುಡುಗಿಯರು. ಅವರ ಮೇಲೆ ಕಣ್ಣಿಡೋಕೆ ಒಬ್ಬ ಹಿರಿಯ ಮೇಲ್ವಿಚಾರಕಿ. ಹುಡುಗಿಗೆ ಗಂಡು ಗೊತ್ತಾದ ಕೂಡಲೇ ರಾಣಿ ವರದಕ್ಷಿಣೆ ಕೊಟ್ಟು ಕಳಿಸ್ತಿದ್ದಳು, ಅಲ್ಲಿಗೆ ಸೇವೆ ಮುಗೀತು. ಆ ಜಾಗಕ್ಕೆ ಇನ್ನೊಂದು ಮನೆಯ ಹುಡುಗಿ ಬರ್ತಿದ್ದಳು.

ಈಗ ಉರ್ಶುಲಾ ಯಾಕೆ ಮದುವೆಯಾಗಲಿಲ್ಲ ಅನ್ನೋದನ್ನ ಇದರ ಪಕ್ಕ ಇಟ್ಟು ನೋಡಿ. ಮದುವೆ ಅಂದ್ರೆ ಅರಮನೆ ಬಿಡೋದು ಅಂತ. ಸುತ್ತಲಿನ ಹುಡುಗಿಯರು ಐದೋ ಆರೋ ವರ್ಷಕ್ಕೆ ಬದಲಾಗ್ತಾ ಹೋದ್ರು, ಆಕೆ 43 ವರ್ಷ ಅಲ್ಲೇ ಇದ್ದಳು. ಹೊರಗೆ ಹೋದ ಒಬ್ಬೊಬ್ಬ ಹುಡುಗಿಯೂ ಒಂದೊಂದು ಸೀಮೆಯ ದೊಡ್ಡ ಮನೆಗೆ ಸೊಸೆಯಾಗಿ ಸೇರಿದಳು. ಇಡೀ ರಾಜ್ಯದ ಒಳಮನೆಗಳಲ್ಲಿ ಪರಿಚಯದವರು ಇದ್ದ ಹಾಗಾಯ್ತು.

ನೇತ್ರಾವತಿ
ಇದು ಒಪ್ಪುವ ಮಾತು. ಆದರೆ ಮೊದಲ ರಾಣಿ ಅನ್ನಾ 1598ರಲ್ಲೇ ತೀರಿಹೋದಳಲ್ಲ? ರಾಣಿ ಇಲ್ಲದ ಮೇಲೆ ರಾಣಿಯ ಪರಿವಾರ ಯಾಕೆ ಉಳಿಯಬೇಕು? ಎಲ್ಲರನ್ನೂ ಅವಳ ತವರೂರು, ಆಸ್ಟ್ರಿಯಾದ ಗ್ರಾಜ್‌ಗೆ ವಾಪಸ್ ಕಳಿಸಬೇಕಿತ್ತು.

ಹೊಸ್ತಿಲು
ನೀವು ಕೇಳಿದ್ದೇ ಸರಿಯಾದ ಪ್ರಶ್ನೆ. ಅನ್ನಾ ಮದುವೆ 1592ರ ಮೇ 31ಕ್ಕೆ. ಸಾವು 1598ರ ಫೆಬ್ರವರಿ 10ಕ್ಕೆ, ಹೆರಿಗೆಯಲ್ಲಿ. ಆರು ವರ್ಷದೊಳಗೆ ಐದು ಬಸಿರು: 1593ರಲ್ಲಿ ಅನ್ನಾ ಮರಿಯಾ, 1594ರಲ್ಲಿ ಕತಜೀನಾ, 1595ರ ಜೂನ್ 9ಕ್ಕೆ ವ್ವಾದಿಸ್ವಾವ್, 1596ರಲ್ಲಿ ಇನ್ನೊಬ್ಬ ಕತಜೀನಾ, ಕೊನೆಗೆ ತಾಯಿಯ ಜೊತೆಗೇ ಹೋದ ಗಂಡುಮಗು. ಇಬ್ಬರು ಕತಜೀನಾರೂ ಹಸುಗೂಸಾಗಿದ್ದಾಗಲೇ ಹೋದ್ರು. ತಾಯಿ ಸತ್ತಾಗ ಉಳಿದಿದ್ದದ್ದು ಎರಡೇ ಮಕ್ಕಳು, ಅದರಲ್ಲೂ ಅನ್ನಾ ಮರಿಯಾ 1600ರಲ್ಲಿ ಹೋದಳು. ಉಳಿದವನು ವ್ವಾದಿಸ್ವಾವ್ ಒಬ್ಬನೇ, ತಾಯಿ ಸತ್ತಾಗ ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ಜಿಗ್ಮುಂಟ್ ಮತ್ತೆ ಮದುವೆಯಾದದ್ದು 1605ರ ಡಿಸೆಂಬರ್‌ನಲ್ಲಿ. ಅಂದ್ರೆ ಏಳು ವರ್ಷಕ್ಕೂ ಹೆಚ್ಚು ಕಾಲ ಅರಮನೆಯಲ್ಲಿ ರಾಣಿ ಇಲ್ಲ, ಆದರೆ ಯುವರಾಜ ಇದ್ದಾನೆ. ಅವನನ್ನ ನೋಡಿಕೊಳ್ಳೋಕೆ ಪರಿವಾರದ ಒಂದು ತುಣುಕು ಉಳೀಲೇಬೇಕಿತ್ತು. ಅದರ ತಲೆಯಾಳು ಉರ್ಶುಲಾ. ತಾಯಿಯ ಜಾಗದಲ್ಲಿ ನಿಂತ ಆ ಏಳು ವರ್ಷ ಆಕೆಯ ಇಡೀ ಬದುಕಿಗೆ ಅಡಿಪಾಯ. ಪುಟದಲ್ಲಿ ಒಂದೇ ಒಂದು ಪ್ಯಾರಾ ಉದ್ದ ಮಾಡೋದಾದ್ರೆ ಇದನ್ನ ಮಾಡಿ.

ಸಾಧನಕೇರಿ
ಭಾಳ ಚೊಲೋ ಹೇಳಿದ್ರಿ. ಇದಕ್ಕ ಒಂದು ಮಾತು ಸೇರಸ್ತೀನಿ. ಎರಡನೇ ರಾಣಿ ಕೊನ್‌ಸ್ತಾಂಚಿಯಾ ಬ್ಯಾರೆ ಯಾರೂ ಅಲ್ರೀ, ಸತ್ತ ಅನ್ನಾನ ಖಾಸ ತಂಗಿ. ಹುಟ್ಟಿದ್ದು 1588ರಾಗ, ಮದುವಿಯಾದಾಗ 16 ವರ್ಷ. ಗಂಡಗ 39. ಆಕಿ ಬರೂದ್ರಾಗ ಉರ್ಶುಲಾ ಆ ಅರಮನಿಯೊಳಗ 13 ವರ್ಷ ತೆಗೆದಾಕಿ. ಭಾಷಾ ಒಂದ, ತವರಮನಿ ಊಳಿಗ ಒಂದ. ಹೊಸಾ ರಾಣಿ ಯಾರ ಮಾತು ಕೇಳಬೇಕು, ನೀವ ಹೇಳ್ರಿ.

ಆ ಮದುವಿಗಿ ಪೋಲೆಂಡಿನ ಕುಳೀನರು ಕೆಂಡಾಮಂಡಲ ಆಗಿದ್ರು. ಹೆಂಡತಿ ತಂಗಿನ್ನ ಮಾಡಿಕೊಳ್ಳೂದು ಚರ್ಚಿನ ಕಟ್ಟಳಿ ಪ್ರಕಾರ ನಿಷಿದ್ಧ ಸಂಬಂಧ, ಪೋಪನ ವಿಶೇಷ ಅನುಮತಿ ತರಬೇಕು. ರಾಜಮುದ್ರಿ ಕೈಯಾಗಿದ್ದ ಮಂತ್ರಿ, ಮುದುಕ ಚಾನ್ಸಲರ್ ಯಾನ್ ಜಮೋಯ್‌ಸ್ಕಿ ಸೇಯ್ಮ್ ಅನ್ನೂ ಅಲ್ಲಿನ ಸಂಸತ್ತಿನ್ಯಾಗ ಎದ್ದು ನಿಂತು ವಿರೋಧಿಸಿದ, 1605ರ ಜೂನ್‌ದಾಗ ತೀರಿಕೊಂಡ. ಡಿಸೆಂಬರ್‌ದಾಗ ಮದುವಿ ಆತು. ಮುಂದಿನ ವರ್ಷವ ದಂಗೆ ಎದ್ದಿತು.

ಕಡತಕಪಾಟು
ದಂಗೆ ಅಂದ್ರೆ ಝೆಬ್ಝಿದೋವ್‌ಸ್ಕಿಯ ರೋಕೋಶ್ ತಾನೇ? ಅದಕ್ಕೂ ಉರ್ಶುಲಾಗೂ ನೇರ ಸಂಬಂಧ ಇದೆಯಾ?

ಸಾಧನಕೇರಿ
ಆಕಿ ಒಬ್ಬಾಕಿಯಿಂದ ಎದ್ದದ್ದಲ್ರೀ. ಕ್ರಾಕೂವ್ ಸೀಮೆಯ ಅಧಿಪತಿ ಮಿಕೋವಾಯ್ ಝೆಬ್ಝಿದೋವ್‌ಸ್ಕಿ 1606ರಾಗ ಎಬ್ಬಿಸಿದ್ದು. ಬೇಡಿಕಿ ಪಟ್ಟಿಯೊಳಗ ಪರದೇಶಿಗಳನ್ನ ಆಸ್ಥಾನದಿಂದ ಹೊರಗ ಹಾಕ್ರಿ, ಜೆಸ್ವಿಟರನ್ನ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ದೂರ ಇಡ್ರಿ ಅಂತ ಇತ್ತು. ಆ ‘ಪರದೇಶಿಗಳು’ ಅನ್ನೂ ಮಾತಿನ್ಯಾಗ ಈಕಿ ಬರತಾಳ. 1607ರ ಜುಲೈದಾಗ ಗುಜೂವ್ ಬಯಲಿನ್ಯಾಗ ರಾಜನ ಸೈನ್ಯ ಗೆದ್ದಿತು. 1609ರ ಸೇಯ್ಮ್‌ನಾಗ ರಾಜಿ ಆತು, ದಂಗೆಕೋರರಿಗೆ ಕ್ಷಮಾ ಸಿಕ್ಕಿತು. ಯಾವ ಪರದೇಶಿನೂ ಹೊರಗ ಹೋಗಲಿಲ್ಲ. ಆದರ ರಾಜನ ಬಲ ಹೆಚ್ಚಸೂ ಯೋಜನಾ ಅಲ್ಲಿಗೇ ಮುರುದು ಬಿತ್ತು. ಇಬ್ಬರೂ ಸೋತ ಲಡಾಯಿ ಅದು.

ಮೊಹರು
ಮೂರನೇ ಪ್ರಶ್ನೆಗೆ ಇನ್ನೂ ಯಾರೂ ಕೈ ಹಾಕಿಲ್ಲ: ಮಾತು ನಡೀತಿದ್ದದ್ದು ಹೇಗೆ. ಇದನ್ನ ತಿಳೀಬೇಕಾದ್ರೆ ಪೋಲೆಂಡಿನ ರಾಜನ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಅಂತ ಗೊತ್ತಿರಬೇಕು.

ಹೊಸ ತೆರಿಗೆ ಅವನ ಕೈಲಿರಲಿಲ್ಲ, ಸೇಯ್ಮ್ ಒಪ್ಪಬೇಕು. ಸೇಯ್ಮ್ ಎರಡು ವರ್ಷಕ್ಕೊಮ್ಮೆ, ಆರು ವಾರ. ನಡುವಿನ ಕಾಲದಲ್ಲಿ ರಾಜನ ಮೇಲೆ ಕಣ್ಣಿಡೋಕೆ 16 ಜನ ಸೆನೆಟರ್‌ಗಳು, ಆರು ತಿಂಗಳಿಗೆ ನಾಲ್ಕು ನಾಲ್ಕು ಜನರಂತೆ ಸರದಿ. ಇದೆಲ್ಲ ರಾಜನಾಗೋನು ಒಪ್ಪಲೇಬೇಕಾದ 1573ರ ಕರಾರಿನಲ್ಲೇ ಬರೆದಿದ್ದು. ರಾಜನಿಗೆ ಪೂರ್ತಿ ಉಳಿದಿದ್ದ ಶಕ್ತಿ ಅಂದ್ರೆ ಹಂಚೋದು. ಪದವಿಗಳನ್ನ ಮತ್ತು ರಾಜನ ಜಮೀನನ್ನ ಯಾರಿಗೆ ಬೇಕಾದ್ರೂ ಕೊಡಬಹುದು. ಆದರೆ ಕೊಟ್ಟ ಮೇಲೆ ಕಿತ್ತುಕೊಳ್ಳೋಕಾಗಲ್ಲ, ಪಡೆದವನು ಸಾಯೋವರೆಗೂ ಅವನದೇ. ಆದ್ದರಿಂದ ಎಲ್ಲರ ಕಣ್ಣೂ ಕೊಡೋ ಆ ಒಂದು ಗಳಿಗೆ ಮೇಲೆ.

ಆ ಜಮೀನಿಗೆ ಸ್ತಾರೋಸ್ತ್ವೊ ಅಂತ ಹೆಸರು, ಹಿಡಿದವನು ಸ್ತಾರೋಸ್ತಾ. ಅದರ ಆದಾಯದ ನಾಲ್ಕನೇ ಒಂದು ಭಾಗ ಗಡಿ ಕಾಯೋ ಸೈನ್ಯಕ್ಕೆ ಹೋಗಬೇಕು ಅಂತ 1563ರಲ್ಲಿ ಕಟ್ಟಳೆ ಆಗಿತ್ತು. ಇಷ್ಟು ಕಳೆದ ಮೇಲೂ ಹಿಡಿದವನ ಮನೆ ತುಂಬೋ ಹುಟ್ಟುವಳಿ.

ನೇತ್ರಾವತಿ
ನಮ್ಮ ಕಡೆಯ ಜಾಗೀರಿನ ಹಾಗೆ ಅಂತಾಯ್ತು.

ಮೊಹರು
ಹತ್ತಿರ, ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಜಾಗೀರನ್ನ ಒಡೆಯ ಮನಸ್ಸು ಬಂದಾಗ ವಾಪಸ್ ಪಡೀಬಹುದಿತ್ತು, ಬೇರೆ ಕಡೆಗೆ ಬದಲಾಯಿಸಬಹುದಿತ್ತು. ಇಲ್ಲಿ ಅದು ಆಗಲ್ಲ. ಅದಕ್ಕೇ ‘ಜಾಗೀರು’ ಅಂತ ಪುಟದಲ್ಲಿ ಬಳಸಬೇಡಿ.

ಈಗ ಅರ್ಜಿಯ ದಾರಿ ನೋಡಿ. ಒಬ್ಬ ಸ್ತಾರೋಸ್ತಾ ಹಾಸಿಗೆ ಹಿಡಿದ. ಅವನು ಸಾಯೋ ಮುಂಚೆಯೇ ಅಕ್ಕಪಕ್ಕದ ದೊಡ್ಡವರು ಕುದುರೆ ಮೇಲೆ ಆಳು ಕಳಿಸ್ತಿದ್ರು. ಆಳಿನ ಚೀಲದಲ್ಲಿ ಒಂದೇ ಪತ್ರ ಇರ್ತಿರಲಿಲ್ಲ. ರಾಜನಿಗೊಂದು, ಚಾನ್ಸಲರ್‌ಗೆ ಒಂದು, ರಾಜನ ಖಾಸಗಿ ಕೋಣೆಗಳ ಮೇಲ್ವಿಚಾರಕ ಆಂದ್ಜೇಯ್ ಬೋಬೋಲಾಗೆ ಒಂದು, ರಾಜನ ಪಾಪನಿವೇದನೆ ಕೇಳೋ ಜೆಸ್ವಿಟ್ ಪಾದ್ರಿಗೆ ಒಂದು, ‘ಉರ್ಶುಲಾ ಅಮ್ಮನವರಿಗೆ’ ಒಂದು. ರಾಜನಿಗೆ ಬರೆದ ಪತ್ರ ಬರೀ ಶಿಷ್ಟಾಚಾರ. ಕೆಲಸ ಮಾಡೋದು ಉಳಿದವು. ಯಾಕಂದ್ರೆ ಜಿಗ್ಮುಂಟ್ ಮಾತು ಕಮ್ಮಿ, ತೀರ್ಮಾನ ತಡ. ಚಿನ್ನದ ಕೆಲಸ, ಚಿತ್ರ ಬರೆಯೋದು, ಸಂಗೀತ, ರಸವಿದ್ಯೆ ಇವುಗಳಲ್ಲಿ ಮುಳುಗಿರೋನು. ಅಂಥವನ ಹತ್ತಿರ ಸಭೆಯಲ್ಲಿ ಗಟ್ಟಿಯಾಗಿ ವಾದ ಮಾಡಿ ಪ್ರಯೋಜನ ಇಲ್ಲ. ಸರಿಯಾದ ಹೊತ್ತಲ್ಲಿ ಒಂದು ಹೆಸರನ್ನ ಮೆಲ್ಲಗೆ ನೆನಪು ಮಾಡೋರು ಬೇಕು. ಆ ಹೊತ್ತು ಯಾವುದು ಅಂತ ಗೊತ್ತಿದ್ದದ್ದು ಒಳಮನೆಯವರಿಗೆ.

ರಾಜ ಹೂಂ ಅಂದ ಮೇಲೆ ಕಾಗದ ಕಚೇರಿಗೆ ಹೋಗುತ್ತೆ. ಪೋಲೆಂಡ್ ಭಾಗದ್ದು ಲ್ಯಾಟಿನ್‌ನಲ್ಲಿ, ಲಿಥುವೇನಿಯಾದ್ದು ಹೆಚ್ಚಾಗಿ ರುಥೇನಿಯನ್‌ನಲ್ಲಿ. ರಾಜನ ರುಜು, ಆಮೇಲೆ ಮೊಹರು, ಆಮೇಲೆ ‘ಮೆತ್ರಿಕಾ’ ಅನ್ನೋ ಕಚೇರಿ ಪುಸ್ತಕದಲ್ಲಿ ನಕಲು. ದೊಡ್ಡ ಮೊಹರು ಚಾನ್ಸಲರ್ ಹತ್ತಿರ, ಚಿಕ್ಕದು ಉಪಚಾನ್ಸಲರ್ ಹತ್ತಿರ. ಬೆಲೆ ಎರಡಕ್ಕೂ ಒಂದೇ.

ಕಡತಕಪಾಟು
ಇದರಲ್ಲಿ ಕೆಡ್ತಿದ್ದದ್ದು ಎಲ್ಲಿ?

ಮೊಹರು
ಮೂರು ನಾಲ್ಕು ಕಡೆ. ಮೊದಲನೇದು, ಸತ್ತವನ ಹೆಂಡತಿಗೆ ಜಂಟಿ ಹಕ್ಕಿನ ಪತ್ರ ಇದ್ರೆ ಆ ಜಾಗ ಖಾಲಿಯೇ ಆಗಿರಲ್ಲ. ಆಕೆ ಬದುಕಿರೋವರೆಗೂ ಆಕೆಯದು. ಇದನ್ನ ನೋಡದೆ ಓಡಿಬಂದವರು ದಾರಿಖರ್ಚು, ಉಡುಗೊರೆ ಎಲ್ಲ ಕಳಕೊಂಡು ಹೋಗ್ತಿದ್ರು. ಎರಡನೇದು, ಒಂದೇ ಜಾಗ ಇಬ್ಬರಿಗೆ ಮಾತು ಕೊಟ್ಟಿರೋದು. ಒಬ್ಬನಿಗೆ ಚಾನ್ಸಲರ್ ಕಡೆಯಿಂದ, ಇನ್ನೊಬ್ಬನಿಗೆ ಒಳಮನೆ ಕಡೆಯಿಂದ. ಮೂರನೇದು, ಬಹಳ ಮುಖ್ಯ: ಕಟ್ಟಳೆಗೆ ವಿರುದ್ಧ ಅನಿಸಿದ್ರೆ ಮೊಹರು ಒತ್ತಲ್ಲ ಅಂತ ಚಾನ್ಸಲರ್ ಹೇಳಬಹುದಿತ್ತು. ಹಾಗೆ ಹೇಳೋದು ಅವನ ಪ್ರಮಾಣವಚನದ ಕರ್ತವ್ಯ. ಉರ್ಶುಲಾ ಶಕ್ತಿ ಅಲ್ಲಿಗೆ ನಿಲ್ತಿತ್ತು. ರಾಜನ ಬಾಯಿಂದ ಹೂಂ ಅನ್ನಿಸಬಹುದು, ಚಾನ್ಸಲರ್ ಕೈಲಿ ಮೊಹರು ಒತ್ತಿಸೋಕಾಗಲ್ಲ.

ಆದ್ದರಿಂದ ಆಕೆಯ ಮಾತು ಹೆಚ್ಚು ನಡೀತಿದ್ದದ್ದು ಸಣ್ಣಪುಟ್ಟ ದಯೆಗಳಲ್ಲಿ. ಉದಾಹರಣೆಗೆ ಅಪ್ಪ ಬದುಕಿರುವಾಗಲೇ ಸ್ತಾರೋಸ್ತ್ವೊವನ್ನ ಮಗನಿಗೆ ಬಿಟ್ಟುಕೊಡೋಕೆ ರಾಜನ ಅಪ್ಪಣೆ ಬೇಕು. ಹೆಂಡತಿಗೆ ಜಂಟಿ ಹಕ್ಕು ಬರೆಸೋಕೂ ಬೇಕು. ಸೇಯ್ಮ್‌ನಲ್ಲಿ ಗದ್ದಲ ಆಗದ, ಚಾನ್ಸಲರ್ ತಕರಾರು ತೆಗೆಯದ ಕಾಗದ ಇದು. ಆದರೆ ಒಂದು ಮನೆತನಕ್ಕೆ ಇನ್ನೊಂದು ತಲೆಮಾರಿನ ಅನ್ನ. ವಿಧವೆಯರು, ತಾಯಂದಿರು ಸೆನೆಟರ್ ಮುಂದೆ ನಿಂತು ಕೇಳೋಕಿಂತ ರಾಣಿಯ ಕೋಣೆಗೆ ಹೋಗಿ ಕೇಳೋದು ಸಲೀಸು.

ವಿಸ್ತುಲಾ
ಬೋಬೋಲಾ ಹೆಸರು ಬಂತಲ್ಲ, ಎಚ್ಚರ. ಇಬ್ಬರಿದ್ದಾರೆ. ಆಸ್ಥಾನದವನು 1616ರಲ್ಲಿ ಸತ್ತ. 1657ರಲ್ಲಿ ಕೊಸಾಕರು ಕೊಂದ, ಆಮೇಲೆ ಸಂತನಾದ ಜೆಸ್ವಿಟ್ ಆಂದ್ಜೇಯ್ ಬೋಬೋಲಾ ಬೇರೆ, ಅದೇ ಮನೆತನ. ಹುಡುಕಿದ್ರೆ ಬರೋ ಪಟವೆಲ್ಲ ಸಂತನದು. ಅದನ್ನ ತಂದು ಈ ಪುಟಕ್ಕೆ ಅಂಟಿಸಬೇಡಿ.

ದಿನಾಂಕನೋಡಿ
ಹೆಸರಿನ ಗೊಂದಲ ಅಂದ್ರೆ ಅನ್ನಾಗಳದ್ದೇ ದೊಡ್ಡದು. ಒಂದೇ ಅರಮನೆ ಸುತ್ತ ಇಷ್ಟು ಜನ: ರಾಜನ ದೊಡ್ಡಮ್ಮ, ಹಳೇ ರಾಣಿ ಅನ್ನಾ ಯಾಗೆಲೋನ್ಕಾ (1523–1596). ಮೊದಲ ಹೆಂಡತಿ ಅನ್ನಾ (1573–1598). ರಾಜನ ತಂಗಿ ಅನ್ನಾ ವಾಜಾ (1568–1625). ಮಗಳು ಅನ್ನಾ ಮರಿಯಾ (1593–1600). ಎರಡನೇ ಹೆಂಡತಿಯ ಮಗಳು ಅನ್ನಾ ಕತಜೀನಾ ಕೊನ್‌ಸ್ತಾಂಚಿಯಾ (1619–1651). ಇವರ ಮೇಲೆ ಗ್ರಾಜ್‌ನಲ್ಲಿ ಕೂತ ಅತ್ತೆ ಮರಿಯಾ ಅನ್ನಾ. ‘ಅನ್ನಾಳ ಆಸ್ಥಾನದ ಹೆಂಗಸು’ ಅಂತ ಎಲ್ಲಿ ಕಂಡ್ರೂ ಮೊದಲು ವರ್ಷ ನೋಡಿ, ಆಮೇಲೆ ಬರೀರಿ.

ಸ್ವೀಡನ್ ಕಡೆಯಿಂದ ಬಂದ ಪತ್ರ ಆದ್ರೆ ದಿನಾಂಕಕ್ಕೆ 10 ದಿನ ಕೂಡಿಸಬೇಕು. ಪೋಲೆಂಡ್ 1582ರಲ್ಲೇ ಹೊಸ ಪಂಚಾಂಗಕ್ಕೆ ಬಂದಿತ್ತು, ಸ್ವೀಡನ್ ಆಗಿನ್ನೂ ಹಳೇದರಲ್ಲೇ ಇತ್ತು.

ನೇತ್ರಾವತಿ
ಆ ತಂಗಿ ಅನ್ನಾ ವಾಜಾ ಬಗ್ಗೆ ಸ್ವಲ್ಪ ಹೇಳಿ. ಅವಳು ಲೂಥರನ್ ಅಲ್ವಾ? ಇಷ್ಟು ಕಟ್ಟಾ ಕ್ಯಾಥೊಲಿಕ್ ಅಣ್ಣನ ಮನೆಯಲ್ಲಿ ಹೇಗೆ ಬಾಳಿದಳು?

ತಾಳೆಗರಿ
ಅಣ್ಣ ತಂಗಿ ನಡುವೆ ತುಂಬ ಪ್ರೀತಿ ಇತ್ತು. ಬ್ರೊದ್ನಿತ್ಸಾ, ಆಮೇಲೆ ಗೊಲುಬ್, ಎರಡು ಸ್ತಾರೋಸ್ತ್ವೊಗಳನ್ನ ರಾಜ ಆಕೆಗೇ ಕೊಟ್ಟ. ಗಿಡಮೂಲಿಕೆ ತೋಟ ಬೆಳೆಸಿದಳು. ಸಿರೇನಿಯುಸ್ ಬರೆದ ದೊಡ್ಡ ಗಿಡಮೂಲಿಕೆ ಗ್ರಂಥ 1613ರಲ್ಲಿ ಅಚ್ಚಾದದ್ದು ಆಕೆ ಕೊಟ್ಟ ಹಣದಿಂದ. 1625ರಲ್ಲಿ ತೀರಿಕೊಂಡಾಗ ಲೂಥರನ್ ಅನ್ನೋ ಕಾರಣಕ್ಕೆ ರಾಜಮನೆತನದವರನ್ನ ಹೂಳೋ ಕ್ರಾಕೂವ್‌ನ ವಾವೆಲ್ ಚರ್ಚಿನಲ್ಲಿ ಜಾಗ ಸಿಗಲಿಲ್ಲ. 11 ವರ್ಷ ದೇಹ ಕಾಯ್ತು. 1636ರಲ್ಲಿ ಅಣ್ಣನ ಮಗ ವ್ವಾದಿಸ್ವಾವ್ ತೊರುನ್ ಊರಿನ ಸೇಂಟ್ ಮೇರಿ ಚರ್ಚಿನಲ್ಲಿ ಗೌರವದಿಂದ ಸಮಾಧಿ ಮಾಡಿಸಿದ.

ಇದನ್ನ ಯಾಕೆ ಹೇಳಿದೆ ಅಂದ್ರೆ, ಉರ್ಶುಲಾ ಕೈಯಲ್ಲಿ ಆ ರಾಜ ಬರೀ ಗೊಂಬೆ ಅಂತ ಬರೆಯೋರಿಗೆ ಈ ತಂಗಿಯೇ ಉತ್ತರ. ಪಾದ್ರಿಗಳಾಗಲಿ ಕ್ಯಾಥೊಲಿಕ್ ರಾಣಿಯರಾಗಲಿ ಆಕೆಯನ್ನ ದೂರ ಮಾಡೋಕಾಗಲಿಲ್ಲ.

ಸಾಧನಕೇರಿ
ಹೊರದೇಶದ ನೀತಿ ಬಗ್ಗೆ ಯಾರೂ ಮಾತಾಡಲಿಲ್ಲ. ಪೋಲೆಂಡ್ ಹಾಪ್ಸ್‌ಬುರ್ಗ್ ಕಡೆ, ಅಂದ್ರ ಆಸ್ಟ್ರಿಯಾದ ರಾಜಮನೆತನದ ಕಡೆ, ವಾಲಿದ್ದು ಈಕಿಯಿಂದನ ಅಂತ ಬರಿಯೂದು ನನಗ ಸರಿ ಕಾಣಸೂದಿಲ್ರೀ.

ಹೊಸ್ತಿಲು
ಪೂರ್ತಿ ಆಕೆಯಿಂದ ಅಂತ ನಾನೂ ಹೇಳಲ್ಲ. ಆದರೆ ಗ್ರಾಜ್‌ನ ಆ ಮನೆ ಎಂಥದ್ದು ಅಂತ ನೋಡಿ. ಅನ್ನಾ, ಕೊನ್‌ಸ್ತಾಂಚಿಯಾ ಪೋಲೆಂಡಿಗೆ. ಇನ್ನೊಬ್ಬ ಅಕ್ಕ ಮಾರ್ಗರೆತಾ 1599ರಲ್ಲಿ ಸ್ಪೇನಿನ ರಾಣಿ. ತಂಗಿ ಮರಿಯಾ ಮದ್ದಲೇನಾ 1608ರಲ್ಲಿ ಫ್ಲಾರೆನ್ಸ್‌ಗೆ. ಅಣ್ಣ ಫರ್ಡಿನಾಂಡ್ 1619ರಲ್ಲಿ ಚಕ್ರವರ್ತಿ. ಒಂದೇ ಮನೆಯ ಮಕ್ಕಳು, ನಾಲ್ಕು ಆಸ್ಥಾನ. ಆ ಮನೆಯ ಊಳಿಗದಿಂದ ಬಂದ ಹೆಂಗಸು ವಾರ್ಸಾದಲ್ಲಿ ರಾಣಿಯ ಪಕ್ಕ ಇದ್ದಾಳೆ ಅಂದ್ರೆ ಅತ್ತಣ ರಾಯಭಾರಿಗಳು ಮೊದಲು ಎಲ್ಲಿಗೆ ಹೋಗ್ತಾರೆ?

ಸಾಧನಕೇರಿ
ಹೋಗಲಿ, ಬ್ಯಾಡ ಅಂದವರ್ಯಾರು. ಆದರ ಜಿಗ್ಮುಂಟ್‌ಗ ಸ್ವಂತ ಕಾರಣ ಇತ್ತು. ಅಂವ ಸ್ವೀಡನ್‌ಗೂ ರಾಜ ಆಗಿದ್ದ, 1599ರಾಗ ಆ ಸಿಂಹಾಸನ ಹೋತು. ಅದನ್ನ ವಾಪಸ್ ಪಡೀಬೇಕಂದ್ರ ಹಾಪ್ಸ್‌ಬುರ್ಗ್ ಬಲ ಬೇಕು. ಉರ್ಶುಲಾ ಹುಟ್ಟದಿದ್ರೂ ಅಂವ ಅದ ದಾರಿ ಹಿಡೀತಿದ್ದ. ಮತ್ತ 1619ರಾಗ ಚಕ್ರವರ್ತಿಗಿ ಸಹಾಯ ಮಾಡಬೇಕಂತ ಆಸಿ ಇದ್ರೂ ಏನು ಮಾಡಲಿಕ್ಕಾತು? ಸೇಯ್ಮ್ ಒಪ್ಪೂದಿಲ್ಲ ಅಂತ ಗೊತ್ತಿತ್ತು. ಅದಕ್ಕ ಪಗಾರಿಲ್ಲದ, ಲೂಟಿ ಮ್ಯಾಲ ಬದುಕೂ ಲಿಸೋವ್‌ಚಿಕ್ ಕುದುರಿ ದಂಡನ್ನ ಗಡಿ ದಾಟಿಸಿ ಕಳಿಸಿದ. ಒಳಮನಿ ಏನ ಹೇಳಿದ್ರೂ ಸೇಯ್ಮ್ ಕಟ್ಟಿದ ಗೋಡಿ ದಾಟಲಿಕ್ಕೆ ಆಗಲಿಲ್ಲ ಅಂತಾತು.

ಹೊಸ್ತಿಲು
ಇದನ್ನ ಒಪ್ತೀನಿ. ಪುಟದಲ್ಲಿ ‘ಹಾಪ್ಸ್‌ಬುರ್ಗ್ ಪರ ನಿಲುವಿಗೆ ಒಳಗಿಂದ ಬಲ ಕೊಟ್ಟವಳು’ ಅಂತ ಇರಲಿ, ‘ಕಾರಣಳಾದವಳು’ ಅಂತ ಬೇಡ.

ಕಡತಕಪಾಟು
ಹಾಗೇ ಬರೀತೀನಿ. ಪೋಪ್ ಎಂಟನೇ ಉರ್ಬನ್ 1624ರಲ್ಲಿ ಆಕೆಗೆ ‘ಬಂಗಾರದ ಗುಲಾಬಿ’ ಕೊಟ್ಟ ಅಂತ ಪೋಲಿಷ್ ಬರಹಗಳಲ್ಲಿ ಇದೆ. ಅದೆಷ್ಟು ದೊಡ್ಡ ಮರ್ಯಾದೆ?

ತಾಳೆಗರಿ
ಬಹಳ ದೊಡ್ಡದು. ಈಸ್ಟರ್ ಮುಂಚಿನ ನಲವತ್ತು ದಿನದ ವ್ರತ ಇದೆಯಲ್ಲ, ಅದರ ನಾಲ್ಕನೇ ಭಾನುವಾರ ಪೋಪ್ ಈ ಗುಲಾಬಿಗೆ ಆಶೀರ್ವಾದ ಮಾಡ್ತಾನೆ. ಚಿನ್ನದಲ್ಲಿ ಮಾಡಿದ ಎಲೆ, ಹೂ ಇರೋ ಪುಟ್ಟ ಕೊಂಬೆ. ಮುಖ್ಯ ಹೂವಿನ ನಡುವೆ ಸಣ್ಣ ಬಟ್ಟಲು, ಅದರೊಳಗೆ ಸುಗಂಧದ ಬಾಲ್ಸಮ್, ಕಸ್ತೂರಿ ಹಾಕ್ತಾರೆ. ಮಾಮೂಲಾಗಿ ಇದು ಹೋಗೋದು ರಾಣಿಯರಿಗೆ, ರಾಜರಿಗೆ, ದೊಡ್ಡ ಚರ್ಚುಗಳಿಗೆ. ಒಬ್ಬ ಪರಿಚಾರಿಕೆಯ ಹೆಸರಿನ ಜೊತೆ ಇದು ಸೇರಿದ್ದೇ ಅಪರೂಪ. ರೋಮಿನ ರಾಯಭಾರಿಗಳು ಯಾರನ್ನ ಒಲಿಸಿಕೊಂಡ್ರೆ ಕೆಲಸ ಆಗುತ್ತೆ ಅಂತ ಲೆಕ್ಕ ಇಟ್ಟವರು. ಸುಮ್ಮನೆ ಕೊಡಲ್ಲ.

ವಿಸ್ತುಲಾ
ನೇತ್ರಾವತಿಯವರೇ, ಮೊದಲ ಪ್ರಶ್ನೆಗೆ ವಾಪಸ್ ಬಂದ್ರೆ, ರಾಜನ ಉಪಪತ್ನಿ ಅಂತ ರೋಮಿಗೆ ಅನುಮಾನ ಇದ್ದಿದ್ರೆ ಆ ಹೂವಿನ ಜೊತೆ ಆಕೆಯ ಹೆಸರು ಸೇರ್ತಿತ್ತಾ?

ನೇತ್ರಾವತಿ
ಒಪ್ಪಿದೆ. ನನ್ನ ತಕರಾರು ವಾಪಸ್. ಆದರೆ ಆ ಗಾಳಿಮಾತನ್ನು ಪೂರ್ತಿ ಅಳಿಸಬೇಡಿ. ಕೆಳಗೆ ಒಂದು ಪ್ಯಾರಾದಲ್ಲಿ, ಯಾರು ಯಾಕೆ ಹೇಳಿದ್ದು ಅಂತ ಕಾರಣ ಸಮೇತ ಇರಲಿ. ಇಲ್ಲದಿದ್ದರೆ ನಾಳೆ ಇನ್ನೊಬ್ಬರು ಬಂದು ಮತ್ತೆ ಮೊದಲ ಸಾಲಿಗೆ ಸೇರಿಸ್ತಾರೆ.

ಕಡತಕಪಾಟು
ಹಾಗಾದ್ರೆ ಮೊದಲ ಸಾಲು ಹೀಗಿರಲಿ: ‘ಉರ್ಶುಲಾ ಮೇಯೆರಿನ್ (1570–1635) ಪೋಲೆಂಡಿನ ರಾಜ ಮೂರನೇ ಜಿಗ್ಮುಂಟ್‌ನ ಇಬ್ಬರು ರಾಣಿಯರ ಆಪ್ತ ಪರಿಚಾರಕಿ, ರಾಜಕುಮಾರರನ್ನು ಬೆಳೆಸಿದವರು, ಆಸ್ಥಾನದಲ್ಲಿ ಬಹಳ ಪ್ರಭಾವ ಹೊಂದಿದ್ದವರು.’ ಸರೀನಾ? ಎಷ್ಟು ಮಕ್ಕಳು ಅಂತ ಸಂಖ್ಯೆ ಹಾಕಲಾ?

ದಿನಾಂಕನೋಡಿ
ದೊಡ್ಡವರಾದವರು ಆರು ಜನ. ಅನ್ನಾಳ ಮಗ ವ್ವಾದಿಸ್ವಾವ್. ಕೊನ್‌ಸ್ತಾಂಚಿಯಾಳ ಏಳು ಮಕ್ಕಳಲ್ಲಿ ಉಳಿದ ಐವರು: ಯಾನ್ ಕಾಜಿಮಿಯೆಜ್ (1609), ಯಾನ್ ಆಲ್ಬ್ರೆಖ್ತ್ (1612), ಕಾರೊಲ್ ಫೆರ್ದಿನಾಂದ್ (1613), ಅಲೆಕ್ಸಾಂದೆರ್ ಕಾರೊಲ್ (1614), ಅನ್ನಾ ಕತಜೀನಾ ಕೊನ್‌ಸ್ತಾಂಚಿಯಾ (1619). ಇಬ್ಬರು ರಾಜರಾದ್ರು, ಇಬ್ಬರು ಬಿಷಪರಾದ್ರು. ಯಾನ್ ಆಲ್ಬ್ರೆಖ್ತ್‌ಗೆ ವಾರ್ಮಿಯಾ ಬಿಷಪ್ ಪದವಿ 1621ರಲ್ಲೇ ಬಂತು, ಆಗ ಅವನಿಗೆ ಒಂಬತ್ತು ವರ್ಷ.

ಮೊಹರು
‘ಬೆಳೆಸಿದವರು’ ಅನ್ನೋದಕ್ಕೆ ಒಂದು ಮಿತಿ ಹಾಕಿ. ಗಂಡುಮಕ್ಕಳು ಹೆಂಗಸರ ಕೈಲಿರ್ತಿದ್ದದ್ದು ಸುಮಾರು ಏಳು ವರ್ಷದವರೆಗೆ. ಆಮೇಲೆ ಗಂಡಸು ಶಿಕ್ಷಕರು, ಲ್ಯಾಟಿನ್, ಕುದುರೆ ಸವಾರಿ. ಯಾನ್ ಆಲ್ಬ್ರೆಖ್ತ್‌ಗೆ ಬಿಷಪ್ ಪದವಿ ಬಂದದ್ದು ಆ ಎರಡನೇ ಹಂತದಲ್ಲಿ, ಅದನ್ನ ಆಕೆಯ ಲೆಕ್ಕಕ್ಕೆ ಬರೀಬೇಡಿ.

ಕಡತಕಪಾಟು
ಸರಿ, ‘ಎಳವೆಯಲ್ಲಿ ಬೆಳೆಸಿದವರು’. ಕೊನೇದು, ಸಮಾಧಿ. ಪಟ ಸಿಗುತ್ತಾ?

ವಿಸ್ತುಲಾ
ಸಮಾಧಿ ಇಲ್ಲ. ಕೊನ್‌ಸ್ತಾಂಚಿಯಾ 1631ರ ಜುಲೈನಲ್ಲಿ, ಜಿಗ್ಮುಂಟ್ 1632ರ ಏಪ್ರಿಲ್ 30ಕ್ಕೆ ಹೋದ್ರು. ಉರ್ಶುಲಾ ಇನ್ನೂ ಮೂರು ವರ್ಷ ಬದುಕಿದ್ದಳು. ಆಗ ಸಿಂಹಾಸನದಲ್ಲಿದ್ದದ್ದು ಆಕೆ ಎತ್ತಿ ಆಡಿಸಿದ ವ್ವಾದಿಸ್ವಾವ್. 1635ರಲ್ಲಿ ರಾಜಮನೆತನದವರಿಗೆ ಮಾಡೋ ಮರ್ಯಾದೆಯಲ್ಲೇ ವಾರ್ಸಾದ ಜೆಸ್ವಿಟ್ ಚರ್ಚಿನಲ್ಲಿ ಹೂಳಿದ್ರು. 1650ರ ದಶಕದ ಯುದ್ಧದಲ್ಲಿ ಸ್ವೀಡನ್ ಸೈನಿಕರು ಆ ಸಮಾಧಿ ಹಾಳು ಮಾಡಿದ್ರು.

ಚರ್ಚಿನ ಪಟ ಹಾಕಬಹುದು. ವಾರ್ಸಾ ಹಳೇ ಊರಲ್ಲಿ ಸೇಂಟ್ ಜಾನ್ ಕಥೀಡ್ರಲ್‌ಗೆ ಗೋಡೆ ತಾಗಿಕೊಂಡೇ ಇದೆ, ಎತ್ತರದ ಗೋಪುರದ್ದು. ಆದರೆ ಕಟ್ಟಿದ ವರ್ಷ ಹಾಕುವಾಗ ಜೋಪಾನ. ಮೂಲ ಕಟ್ಟಡ 1609ರಿಂದ 1626ರದ್ದು, ಅದನ್ನ ಜರ್ಮನರು 1944ರಲ್ಲಿ ನೆಲಸಮ ಮಾಡಿದ್ರು. ಈಗಿರೋದು ಯುದ್ಧದ ನಂತರ ಮತ್ತೆ ಕಟ್ಟಿದ್ದು. ಪಟದ ಕೆಳಗೆ ‘ಉರ್ಶುಲಾ ಸಮಾಧಿ ಇರುವ ಚರ್ಚು’ ಅಂತ ಬರೀಬೇಡಿ, ‘ಸಮಾಧಿ ಇದ್ದ ಜಾಗದಲ್ಲಿ ಮರುನಿರ್ಮಿಸಿದ ಚರ್ಚು’ ಅಂತ ಬರೀರಿ.

ಕಡತಕಪಾಟು
ಹಾಕಿದೆ. ಇವತ್ತು ರಾತ್ರಿ ಪುಟ ಏರಿಸ್ತೀನಿ. ಅನ್ನಾಗಳ ಪಟ್ಟಿಯನ್ನ ಬೇರೆಯೇ ಒಂದು ಗೊಂದಲ ನಿವಾರಣೆ ಪುಟ ಮಾಡಲಾ?

ದಿನಾಂಕನೋಡಿ
ಮಾಡಿ. ಹುಟ್ಟಿದ, ಸತ್ತ ವರ್ಷ ಎರಡೂ ಹೆಸರಿನ ಪಕ್ಕದಲ್ಲೇ ಇರಲಿ.